ಎರಡನೆಯ ವಿಂಡೋ ತೆರೆಯಬಾರದು

ಜನವರಿ 8, ಬುಧವಾರ

ಹೊಸ ವರ್ಷದ ಪುಸ್ತಕ, ಒಂದು ವಾರ ತಡವಾಗಿ. ಕನ್ನಡದಲ್ಲಿ ಬರೆಯುತ್ತೇನೆ. ಕಲ್ಪೆಟ್ಟದ ನಮ್ಮ ಕಚೇರಿಯಲ್ಲಿ ಎಲ್ಲರದೂ ಮಲಯಾಳಂ; ಹದಿನಾಲ್ಕು ಜನರಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ, ಆದ್ದರಿಂದ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗಬಹುದು. ಮನೆಯಲ್ಲಿ ಅಮ್ಮ ಓದಬಲ್ಲರು. ಆದರೆ ಎರಡು ಪುಟ ಓದಿ, ಇದರಲ್ಲಿ ಬರೀ ಕಂಪ್ಯೂಟರ್ ಇದೆ ಎಂದು ಇಟ್ಟುಬಿಡುತ್ತಾರೆ.

ಕಾಡಿನೊಳಗಿನ ಹಾಡಿಗಳ ಜನರಿಗೆ ಹೊರಗೆ ಮನೆ ಕೊಡುವ ಯೋಜನೆಯ ವೆಬ್‌ಸೈಟ್ ನಮ್ಮ ಕಂಪನಿಯದು. ಜಾವಾದಲ್ಲಿ ಬರೆದದ್ದು. ಸಹಾಯ ಕೇಂದ್ರಗಳಲ್ಲಿ ಕುಳಿತ ಆಪರೇಟರುಗಳು ಜನರನ್ನು ಕೇಳಿ ಕೇಳಿ ಐದು ಪುಟದ ಫಾರಂ ತುಂಬುತ್ತಾರೆ. ಮಕ್ಕಳಿರುವ ಕುಟುಂಬಕ್ಕೆ ಎರಡು ಕೋಣೆಯ ಮನೆ, ಒಂಟಿ ಜನರಿಗೆ ಒಂದು ಕೋಣೆ. ಮೊದಲ ಪಟ್ಟಿ ಸೋಮವಾರ ಹೊರಬಿತ್ತು. ಅದರ ತಿದ್ದುಪಡಿಗೆ ಫೆಬ್ರವರಿ ಐದು ಕೊನೆಯ ದಿನ. ಎರಡನೆಯ ಪಟ್ಟಿಗೆ ಅರ್ಜಿ ತುಂಬುವುದು ನಡೆದೇ ಇದೆ.

ಇಂದು ಎರಡು ದೂರು. ಅರ್ಜಿ 1147ರಲ್ಲಿ ಇಲ್ಲದ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ ಎಂದು ಬಂದಿದೆಯಂತೆ. ಅರ್ಜಿ 1152ರಲ್ಲಿ ಇರುವ ಇಬ್ಬರು ಹೆಣ್ಣುಮಕ್ಕಳು ಇಲ್ಲ ಎಂದು ಬಂದಿದೆಯಂತೆ. ಎರಡನ್ನೂ ತುಂಬಿದ್ದು ಕಾಟ್ಟಿಕುಳಂ ಕೇಂದ್ರದ ಒಬ್ಬಳೇ ಆಪರೇಟರ್, ಸಜಿನ. ಡೇಟಾಬೇಸ್ ನೋಡಿದೆ. ಕೇಂದ್ರದಿಂದ ಏನು ಬಂದಿದೆಯೋ ಅದೇ ಉಳಿದಿದೆ. ತಂತ್ರಾಂಶದಲ್ಲಿ ದೋಷವಿಲ್ಲ, ತುಂಬಿದವರು ತಪ್ಪು ತುಂಬಿದ್ದಾರೆ ಎಂದು ಉತ್ತರ ಬರೆದೆ. ದೂರು ಬಂದು ಉತ್ತರ ಹೋಗುವುದಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಈ ವರ್ಷದ ಮಟ್ಟಿಗೆ ಅದೇ ದಾಖಲೆ.

ಜನವರಿ 9, ಗುರುವಾರ

ಇನ್ನೂ ಇಪ್ಪತ್ತಮೂರು ದೂರು. ಹದಿನೆಂಟು ಅದೇ ಸಜಿನಳವು.

ಬಾಲಕೃಷ್ಣನ್ ಸಾರ್ ವರದಿ ಕೇಳಿದರು. ಅವರು ನಮ್ಮ ಮ್ಯಾನೇಜರ್. ವರದಿ ಒಂದು ಪುಟ ದಾಟಿದರೆ ಓದುವುದಿಲ್ಲ. ಅರ್ಧ ಪುಟದಲ್ಲಿ ಮುಗಿಸಿದೆ. ತಪ್ಪುಗಳಲ್ಲಿ ಶೇಕಡ ಎಂಬತ್ತು ಒಬ್ಬಳೇ ಆಪರೇಟರ್ ಮಾಡಿದವು. ಆಕೆ ಒಂದೇ ಬ್ರೌಸರಿನಲ್ಲಿ ಎರಡು ವಿಂಡೋ ತೆರೆದು ಎರಡು ಫಾರಂ ಒಟ್ಟಿಗೆ ತುಂಬುತ್ತಾಳೆ ಎಂದು ಲಾಗ್, ಅಂದರೆ ಸರ್ವರಿನ ದಿನಚರಿ, ಹೇಳುತ್ತದೆ. ಕೈಪಿಡಿಯ ಏಳನೆಯ ಪುಟದಲ್ಲಿ, ಎರಡನೆಯ ವಿಂಡೋ ತೆರೆಯಬಾರದು ಎಂದು ಸ್ಪಷ್ಟವಾಗಿ ಬರೆದಿದೆ. ಕೈಪಿಡಿ ಬರೆದದ್ದು ನಾನೇ. ಕಾರಣ: ಬಳಕೆದಾರರ ತಪ್ಪು.

ಸಾರ್ ಓದಿ, "ಚೆನ್ನಾಗಿದೆ, ಚಿಕ್ಕದಾಗಿದೆ" ಎಂದರು.

ಜನವರಿ 13, ಸೋಮವಾರ

ಸಜಿನಳನ್ನು ಕೆಲಸದಿಂದ ತೆಗೆದರಂತೆ. ಗುತ್ತಿಗೆಯವಳಾದ್ದರಿಂದ ಒಂದು ಫೋನ್ ಸಾಕಾಯಿತು. ನಿಮ್ಮ ವರದಿ ಉಪಯೋಗಕ್ಕೆ ಬಂತು ಎಂದು ಬಾಲಕೃಷ್ಣನ್ ಸಾರ್ ಹೇಳಿದರು.

ಮಧ್ಯಾಹ್ನ ಚಿತ್ರಾನ್ನ ತಿಂದೆ.

ಜನವರಿ 14, ಮಂಗಳವಾರ

1147 ಕಚೇರಿಗೆ ಬಂದಿತ್ತು.

ಕಾವಲಿನವನಿಗೆ ಆತನ ಮಾತು ಅರ್ಧ ತಿಳಿಯಿತಂತೆ, ಇನ್ನರ್ಧ ಕನ್ನಡದಂತೆ ಕೇಳಿತಂತೆ, ಅದಕ್ಕೆ ನನ್ನ ಬಳಿ ಕಳಿಸಿದ. ಬಾವಲಿ ರಸ್ತೆಯ ಹಾಡಿಯಿಂದ ಎರಡು ಬಸ್ಸು ಹತ್ತಿ ಬಂದ ಮನುಷ್ಯ. ಅರವತ್ತು ದಾಟಿರಬೇಕು. ಹೆಸರು ಬೈರ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಪಟ್ಟಿಲಿ ನಂಗೆ ಎರಡು ಮಕ್ಕ ಅವೆ ಅಂತ ಬರ್ದವ್ರೆ, ಮೇಡಂ."

"ನಿಮಗೆ ಮಕ್ಕಳಿಲ್ಲವೆ?"

"ಇಲ್ಲ. ಹೆಂಡ್ತಿನೂ ಇಲ್ಲ, ಮಕ್ಕ ಎಲ್ಲಿಂದ ಬರ್ತವೆ? ಅವು ನಮ್ ಪಕ್ಕದ ಗುಡ್ಲು ಮಾತಿ ಮಕ್ಕ. ಅಂಜು, ಪ್ರಿಯ. ಆ ಮಾತಿಗೆ ಗಂಡ ಇಲ್ಲ, ಈಗ ಪಟ್ಟಿಲಿ ಮಕ್ಕಳೂ ಇಲ್ಲ."

ಆಪರೇಟರ್ ಸರಿಯಾಗಿ ಕೇಳಿರಲಿಕ್ಕಿಲ್ಲ ಎಂದೆ.

"ಕೇಳ್ತು. ಆ ಹುಡ್ಗಿ ಸರಿಯಾಗೇ ಕೇಳ್ತು. ಮಕ್ಕ ಎಷ್ಟು ಅಂತು, ಇಲ್ಲ ಅಂದೆ. ಇಲ್ಲ ಅಂತಾನೇ ಒತ್ತಿತು. ನಾ ನೋಡ್ದೆ."

"ನಿಮಗೆ ಓದಲು ಬರುತ್ತದೆಯೆ?"

"ಬರಲ್ಲ. ಸೊನ್ನೆ ಗೊತ್ತು."

ತಿದ್ದಿಸಬೇಕಾದರೆ ಮಕ್ಕಳಿಲ್ಲ ಎಂಬ ಕಾಗದ ತರಬೇಕೆಂದು ಯಾರೋ ಹೇಳಿದರಂತೆ. ಆತ ಆ ಕಾಗದ ಕೇಳಿಕೊಂಡು ಮೂರು ಕಡೆ ಅಲೆದಿದ್ದಾನೆ. "ಮಕ್ಕ ಅವೆ ಅಂದ್ರೆ ಕಾಗ್ದ ಕೊಡ್ತಾರಂತೆ. ಇಲ್ಲ ಅನ್ನೋದಕ್ಕೆ ಕಾಗ್ದ ಇಲ್ವಂತೆ." ಆಮೇಲೆ, ಆ ಹುಡುಗಿಯನ್ನು ಯಾಕೆ ತೆಗೆದಿರಿ ಎಂದು ಕೇಳಿದ. ತಪ್ಪು ಮಾಡಿದ್ದಕ್ಕೆ ಎಂದೆ. ಸ್ವಲ್ಪ ಹೊತ್ತು ನನ್ನ ಕಂಪ್ಯೂಟರಿನ ಹಿಂಭಾಗವನ್ನು ನೋಡುತ್ತ ನಿಂತಿದ್ದು, ಮಾನಂದವಾಡಿ ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದ.

ಜನವರಿ 15, ಬುಧವಾರ

ಲಾಗನ್ನು ಮತ್ತೆ ತೆಗೆದೆ. ಮೊದಲ ಸಲ ಕೊನೆಯ ಸಾಲು ಮಾತ್ರ ನೋಡಿದ್ದೆ.

1147ರ ಮೂರನೆಯ ಪುಟ, ಅಂದರೆ ಕುಟುಂಬದ ಪುಟ, ಎರಡು ಸಲ ಸೇವ್ ಆಗಿದೆ. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಮಕ್ಕಳು ಸೊನ್ನೆ. ಹನ್ನೊಂದು ಗಂಟೆ ಒಂಬತ್ತು ನಿಮಿಷಕ್ಕೆ ಮಕ್ಕಳು ಇಬ್ಬರು. 1152ರ, ಅಂದರೆ ಮಾತಿಯ, ಕುಟುಂಬದ ಪುಟ ಒಂದು ಸಲವೂ ಸೇವ್ ಆಗಿಲ್ಲ. ಆತ ನೋಡಿದ ಸೊನ್ನೆ ನಿಜವಾಗಿಯೂ ಇತ್ತು, ನಾಲ್ಕು ನಿಮಿಷದ ಮಟ್ಟಿಗೆ.

ಇನ್ನೊಂದು ಲೆಕ್ಕವನ್ನೂ ನೋಡಿದೆ. ದೂರು ಬಂದ ಭಾಗದ ಫಾರಂಗಳಲ್ಲಿ ಎಷ್ಟನ್ನು ಸಜಿನ ತುಂಬಿದ್ದಾಳೆ ಎಂದು. ಶೇಕಡ ಎಂಬತ್ತೊಂದು. ನೂರರಲ್ಲಿ ಎಂಬತ್ತೊಂದು ಫಾರಂ ತುಂಬಿದವಳಲ್ಲಿ ನೂರರಲ್ಲಿ ಎಂಬತ್ತು ತಪ್ಪು ಕಾಣಿಸಿದರೆ ಅದಕ್ಕೆ ಅರ್ಥವೇ ಇಲ್ಲ. ಇದು ಮೂರನೆಯ ತರಗತಿಯ ಗಣಿತ.

ಆ ವರದಿ ಅರ್ಧ ಪುಟವೇ ಇತ್ತು. ಇದನ್ನು ಸೇರಿಸಲು ಜಾಗವಿತ್ತು.

ಜನವರಿ 16, ಗುರುವಾರ

ನನ್ನ ಕಂಪ್ಯೂಟರಿನಲ್ಲೇ ಮಾಡಿ ನೋಡಿದೆ. ಒಂದು ವಿಂಡೋದಲ್ಲಿ ಗಂಡಸಿನ ಫಾರಂ, ಇನ್ನೊಂದರಲ್ಲಿ ಹೆಂಗಸಿನ ಫಾರಂ. ಹೆಂಗಸಿನ ಕುಟುಂಬದ ಪುಟ ಕಣ್ಣೆದುರಿಗಿರುವಾಗ, ಗಂಡಸಿನ ವಿಂಡೋಗೆ ಹೋಗಿ ಏನನ್ನೋ ನೋಡಲು ಹಿಂದಿನ ಪುಟ ಒತ್ತಿದೆ. ಮತ್ತೆ ಹೆಂಗಸಿನ ವಿಂಡೋಗೆ ಬಂದು ಸೇವ್ ಒತ್ತಿದೆ. ಮಕ್ಕಳು ಗಂಡಸಿಗೆ ಹೋದರು. ಒಂಬತ್ತು ಸಲ ಮಾಡಿದೆ. ಒಂಬತ್ತು ಸಲವೂ ಹೋದರು.

ಕಾರಣ ಇಷ್ಟೇ. ಲಾಗಿನ್ ಆದ ಪ್ರತಿಯೊಬ್ಬರಿಗೂ ಸರ್ವರಿನಲ್ಲಿ ಸೆಷನ್ ಎಂಬ ಜಾಗ ಇರುತ್ತದೆ. ಅರ್ಧ ತುಂಬಿದ ಫಾರಂ ಅಲ್ಲಿ ಕಾಯುತ್ತದೆ. ಒಂದೇ ಬ್ರೌಸರಿನಲ್ಲಿ ಎಷ್ಟು ವಿಂಡೋ ತೆರೆದರೂ ಸೆಷನ್ ಒಂದೇ. ನಮ್ಮ ಕೋಡ್ ಅಲ್ಲಿ ಒಂದೇ ಒಂದು ಫಾರಂ ಇಡುತ್ತದೆ. ಕೊನೆಗೆ ಯಾರದನ್ನು ತೆರೆದರೋ ಅವರು ಅಲ್ಲಿ ಕುಳಿತಿರುತ್ತಾರೆ, ಯಾವ ವಿಂಡೋದಿಂದ ಏನು ಬಂದರೂ ಅವರ ಹೆಸರಿಗೆ ಸೇರುತ್ತದೆ. ಪರದೆಯ ಮೇಲೆ ಮಾತಿ ಎಂದು ಇರುತ್ತದೆ. ಸರ್ವರ್ ಪರದೆಯನ್ನು ನೋಡುವುದಿಲ್ಲ.

ಇಂಥದ್ದನ್ನು ಯಾರು ಬರೆದದ್ದು ಎಂದು ಕಡತದ ತಲೆ ನೋಡಿದೆ. ಆರು ವರ್ಷ ಹಿಂದಿನ ದಿನಾಂಕ. ಅದರ ಕೆಳಗೆ ಟಿಪ್ಪಣಿ: ಒಂದು ಸಲಕ್ಕೆ ಒಂದೇ ವಿಂಡೋ ಇರುತ್ತದೆ ಎಂದುಕೊಳ್ಳಲಾಗಿದೆ. ಅದರ ಕೆಳಗೆ ನನ್ನ ಹೆಸರು: ಜಿನಶ್ರೀ.

ಜನವರಿ 17, ಶುಕ್ರವಾರ

ಯಾರಿಗೂ ಹೇಳಿಲ್ಲ. ಮೊದಲು ಸರಿಪಡಿಸಿ ಆಮೇಲೆ ಹೇಳುವುದು ಶಿಸ್ತು. ಎರಡನೆಯ ವಿಂಡೋ ತೆರೆದರೆ, ಇನ್ನೊಂದು ವಿಂಡೋ ತೆರೆದಿದೆ, ಇದನ್ನು ಮುಚ್ಚಿ ಎಂದು ಹೇಳಿ ತಡೆಯುವ ಹಾಗೆ ಮಾಡಿದೆ. ಅರ್ಧ ದಿನದ ಕೆಲಸ. ಏಳನೆಯ ಪುಟವನ್ನು ಓದದವರೂ ಇನ್ನು ಪಾಲಿಸಲೇಬೇಕು.

ಜನವರಿ 20, ಸೋಮವಾರ

ತಡೆ ಜಾರಿಗೆ ಬಂತು. ಹನ್ನೊಂದರೊಳಗೆ ಎಲ್ಲ ಕೇಂದ್ರಗಳಿಂದ ಫೋನ್.

ಕರೆಂಟ್ ಹೋಗಿ ಕಂಪ್ಯೂಟರ್ ಆರಿದರೆ, ವಿಂಡೋ ಮುಚ್ಚಿದ್ದು ಸರ್ವರಿಗೆ ತಿಳಿಯುವುದಿಲ್ಲ. ಮೊದಲನೆಯದು ಇನ್ನೂ ತೆರೆದಿದೆ ಎಂದುಕೊಂಡು ಅರ್ಧ ಗಂಟೆ ಯಾರನ್ನೂ ಒಳಗೆ ಬಿಡುವುದಿಲ್ಲ. ಕಾಟ್ಟಿಕುಳಂನಲ್ಲಿ ಬೆಳಿಗ್ಗೆಯಿಂದ ನಾಲ್ಕು ಸಲ ಕರೆಂಟ್ ಹೋಗಿದೆ. ಸಜಿನಳ ಜಾಗಕ್ಕೆ ಬಂದ ಪ್ರಜೀಷ್ ಬಹಳ ತಾಳ್ಮೆಯಿಂದ ಹೇಳಿದ: "ಮೇಡಂ, ನನ್ನ ವಿಂಡೋ ಎಲ್ಲೂ ಇಲ್ಲ. ಆದರೆ ಇದೆ ಅಂತ ಬರುತ್ತೆ. ಇಲ್ಲದಿರೋದನ್ನ ಹೇಗೆ ಮುಚ್ಚಲಿ?"

ಮೂರೂವರೆಗೆ ತಡೆಯನ್ನು ತೆಗೆದೆ. ಇಡೀ ಜಿಲ್ಲೆಯಲ್ಲಿ ಇಂದು ತುಂಬಿದ ಫಾರಂ ಹದಿನೇಳು.

ನೀವೇ ಒಂದು ಸಲ ಕೇಂದ್ರಕ್ಕೆ ಹೋಗಿ ನೋಡಿಬನ್ನಿ ಎಂದು ಬಾಲಕೃಷ್ಣನ್ ಸಾರ್ ಹೇಳಿದರು. ಆರು ವರ್ಷದಲ್ಲಿ ನಾನು ಯಾವ ಕೇಂದ್ರವನ್ನೂ ನೋಡಿಲ್ಲ. ನೋಡುವ ಅಗತ್ಯ ಬಿದ್ದಿರಲಿಲ್ಲ.

ಜನವರಿ 21, ಮಂಗಳವಾರ

ಕಾಟ್ಟಿಕುಳಂ. ಎರಡು ಕಂಪ್ಯೂಟರ್, ಅದರಲ್ಲಿ ಒಂದು ಕೆಟ್ಟಿದೆ. ಒಂದು ಬೆಂಚು, ಆರು ಜನ ಕೂರಬಹುದು. ಹೊರಗೆ ಮೆಟ್ಟಿಲ ಮೇಲೆ, ರಸ್ತೆಯ ಅಂಚಿನಲ್ಲಿ, ಎದುರಿನ ಅಂಗಡಿಯ ನೆರಳಿನಲ್ಲಿ ಸುಮಾರು ಐವತ್ತು ಜನ. ಕಾಫಿ ಕೊಯ್ಲಿನ ಕೆಲಸ ಬಿಟ್ಟು ಬಂದವರು.

ಪ್ರಜೀಷನನ್ನು ಎಬ್ಬಿಸಿ ನಾನೇ ಕುಳಿತೆ. ಎರಡನೆಯ ಪುಟ ಸೇವ್ ಮಾಡಿ ಮೂರನೆಯದು ಬರುವುದಕ್ಕೆ ಎರಡು ನಿಮಿಷ ನಲವತ್ತು ಸೆಕೆಂಡ್. ಕಲ್ಪೆಟ್ಟದಲ್ಲಿ ಎರಡು ಸೆಕೆಂಡ್. ಆ ಎರಡು ನಿಮಿಷ ನಲವತ್ತು ಸೆಕೆಂಡ್ ಎದುರಿಗೆ ಕುಳಿತವರು ನಮ್ಮನ್ನು ನೋಡುತ್ತಾರೆ. ಅವರ ಹಿಂದೆ ನಿಂತವರೂ ನೋಡುತ್ತಾರೆ. ಪರದೆಯ ಮೇಲೆ ಬಿಳಿ ಪುಟ ಬಿಟ್ಟರೆ ನಮಗೆ ನೋಡಲು ಬೇರೇನೂ ಇರುವುದಿಲ್ಲ. ಒಬ್ಬ ಹೆಂಗಸು, ನೀವು ಹೊಸಬರಾ, ನಿಧಾನಕ್ಕೆ ಮಾಡಿ ಎಂದು ನನಗೆ ಧೈರ್ಯ ಹೇಳಿದರು.

ಮೂರನೆಯ ಫಾರಂ ಅರ್ಧಕ್ಕೆ ಬಂದಾಗ ಪ್ರಜೀಷ್ ಕೆಮ್ಮಿದ. "ಮೇಡಂ, ನೀವು ಎರಡು ವಿಂಡೋ ತೆರೆದಿದ್ದೀರಿ."

ತೆರೆದಿದ್ದೆ. ಯಾವಾಗ ತೆರೆದೆನೋ ಗೊತ್ತಿಲ್ಲ.

ಜನವರಿ 22, ಬುಧವಾರ

ಮತ್ತೆ ಕಾಟ್ಟಿಕುಳಂ. ಸಜಿನ ಈಗ ಜಂಕ್ಷನ್ನಿನ ಬಟ್ಟೆ ಅಂಗಡಿಯಲ್ಲಿದ್ದಾಳೆ. ಕೌಂಟರಿನ ಹಿಂದೆ ನಿಂತು ರವಿಕೆಯ ಲೈನಿಂಗ್ ಅಳೆಯುತ್ತಿದ್ದಳು. ಇಪ್ಪತ್ತಾರು ವರ್ಷ ಇರಬಹುದು. ನಾವು ಆಡಿದ್ದು ಮಲಯಾಳಂನಲ್ಲಿ, ನೆನಪಿದ್ದಷ್ಟು ಬರೆಯುತ್ತೇನೆ.

"ನಾನು ಜಿನಶ್ರೀ."

"ಗೊತ್ತು. ಏಳನೆಯ ಪುಟ."

ಏನು ಹಾಗೆಂದರೆ ಎಂದು ಕೇಳಿದೆ. ಅವಳು ಫೋನ್ ತೆಗೆದು ತೋರಿಸಿದಳು. ನವೆಂಬರಿನಲ್ಲಿ ಮೂರು ಮೇಲ್ ಕಳಿಸಿದ್ದಾಳೆ. ಒಬ್ಬರ ವಿವರ ಇನ್ನೊಬ್ಬರಿಗೆ ಹೋಗುತ್ತಿದೆ, ದಯವಿಟ್ಟು ನೋಡಿ, ಎಂದು. ಮೂರಕ್ಕೂ ನನ್ನಿಂದ ಉತ್ತರ ಹೋಗಿದೆ. ದಯವಿಟ್ಟು ಕೈಪಿಡಿಯ ಏಳನೆಯ ಪುಟ ನೋಡಿ. ಮೂರೂ ಉತ್ತರಗಳು ಅಕ್ಷರಕ್ಕೆ ಅಕ್ಷರ ಒಂದೇ.

"ಓದಿದೆ ಮೇಡಂ. ಓದಿ ಒಂದು ವಾರ ಒಂದೇ ವಿಂಡೋದಲ್ಲಿ ಮಾಡಿದೆ. ದಿನಕ್ಕೆ ಹನ್ನೊಂದು ಫಾರಂ ಆಯಿತು. ಹೊರಗೆ ಅರವತ್ತು ಜನ ಇರುತ್ತಿದ್ದರು. ಸಂಜೆ ವಾಪಸ್ ಕಳಿಸಿದರೆ ನಾಳೆ ಮತ್ತೆ ಕೂಲಿ ಬಿಟ್ಟು ಬರಬೇಕು. ಎಂಟನೇ ದಿನ ಎರಡು ವಿಂಡೋ ತೆರೆದೆ."

ಅವಳು ಫೋನನ್ನು ಕೌಂಟರಿನ ಮೇಲೆ ಮಗುಚಿಟ್ಟಳು.

"ತಪ್ಪು ಯಾರದು ಅಂತ ಗೊತ್ತಾಯಿತಾ?"

"ಗೊತ್ತಾಯಿತು."

"ಯಾರದು?"

"ನನ್ನದು."

ಅವಳು ಲೈನಿಂಗ್ ಬಟ್ಟೆಯನ್ನು ಮಡಿಸಿ, ಅಂಚು ಸರಿಯಿಲ್ಲವೆಂದು ಬಿಚ್ಚಿ ಮತ್ತೆ ಮಡಿಸಿದಳು. "ಬರೆದು ಕೊಡುತ್ತೀರಾ?" ಎಂದಳು. ಕೊಡುತ್ತೇನೆ ಎಂದೆ. ಅಂಗಡಿಯ ಯಜಮಾನರು ನೋಡುತ್ತಿದ್ದರು, ಅದಕ್ಕೆ ಒಂದು ಮೀಟರ್ ಲೈನಿಂಗ್ ಕೊಡು ಎಂದೆ. ಯಾವ ಬಣ್ಣ ಎಂದಳು. ಯಾವುದಾದರೂ ಎಂದೆ. ಮಾವಿನಕಾಯಿ ಹಸಿರು ಕೊಟ್ಟಿದ್ದಾಳೆ. ಅದಕ್ಕೆ ಹೊಂದುವ ಸೀರೆ ನಮ್ಮ ಮನೆಯಲ್ಲಿ ಯಾರಲ್ಲೂ ಇಲ್ಲ.

ಜನವರಿ 24, ಶುಕ್ರವಾರ

ಎರಡು ದಿನದಿಂದ ಕೋಡ್ ಬರೆಯುತ್ತಿದ್ದೇನೆ. ಈಗ ಫಾರಂ ತೆರೆದಾಗಲೆಲ್ಲ ಅದಕ್ಕೇ ಆದ ಗುರುತಿನ ಸಂಖ್ಯೆಯೊಂದು, ಟೋಕನ್, ಹುಟ್ಟುತ್ತದೆ. ಆ ಟೋಕನ್ ಪುಟದೊಳಗೆ ಕಾಣದ ಹಾಗೆ ಕುಳಿತಿರುತ್ತದೆ, ಸೇವ್ ಒತ್ತಿದಾಗ ಜೊತೆಯಲ್ಲಿ ಬರುತ್ತದೆ. ಸೆಷನ್ನಿನಲ್ಲಿ ಈಗ ಒಂದು ಫಾರಂ ಅಲ್ಲ, ಟೋಕನ್‌ಗೊಂದು ಫಾರಂ. ಬಂದ ಪುಟದ ಟೋಕನ್ ಯಾವುದೋ ಆ ಫಾರಂಗೇ ಸೇರುತ್ತದೆ, ಬೇರೆ ವಿಂಡೋದಲ್ಲಿ ಯಾರು ಏನು ಮಾಡುತ್ತಿದ್ದರೂ ಸರಿಯೇ. ಇದೇನು ಹೊಸ ವಿದ್ಯೆಯಲ್ಲ. ಆರು ವರ್ಷದ ಹಿಂದೆಯೂ ಇತ್ತು.

ಬಾಲಕೃಷ್ಣನ್ ಸಾರ್‌ಗೆ ಎಲ್ಲವನ್ನೂ ಹೇಳಿದೆ. ಯೋಜನೆಯವರಿಗೆ ಪತ್ರ ಬರೆಯುತ್ತೇನೆ ಎಂದೂ ಹೇಳಿದೆ.

"ತಾಂತ್ರಿಕ ಕಾರಣ ಅಂತ ಬರೆಯಿರಿ," ಎಂದರು.

"ಯಾವ ತಾಂತ್ರಿಕ ಕಾರಣ ಎಂದು ಕೇಳುತ್ತಾರೆ."

"ಕೇಳುವುದಿಲ್ಲ. ಆ ಪದ ಇರುವುದೇ ಅದಕ್ಕೆ." ಆಮೇಲೆ ಸ್ವಲ್ಪ ಮೆತ್ತಗೆ, "ಏಪ್ರಿಲ್‌ನಲ್ಲಿ ಗುತ್ತಿಗೆ ನವೀಕರಣ ಇದೆ, ಜಿನಶ್ರೀ. ಹದಿನಾಲ್ಕು ಜನ ಇದ್ದೇವೆ" ಎಂದರು.

ಅವರು ಕೆಟ್ಟ ಮನುಷ್ಯರಲ್ಲ. ನನಗೆ ಕೆಲಸ ಕಲಿಸಿದವರೇ ಅವರು. ಪತ್ರ ಅರ್ಧದಲ್ಲಿದೆ.

ಜನವರಿ 27, ಸೋಮವಾರ

ಟೋಕನ್ ಜಾರಿಗೆ ಬಂತು. ಹನ್ನೊಂದು ಮುಕ್ಕಾಲಿಗೆ ಸರ್ವರ್ ನಿಂತಿತು.

ತೆರೆದ ಫಾರಂಗಳನ್ನೆಲ್ಲ ಇಟ್ಟುಕೊಳ್ಳಲು ಹೇಳಿದ್ದೆ, ಬಿಡಲು ಹೇಳಿರಲಿಲ್ಲ. ಮುಗಿದದ್ದು, ಅರ್ಧಕ್ಕೆ ಬಿಟ್ಟದ್ದು, ಸುಮ್ಮನೆ ತೆರೆದು ನೋಡಿದ್ದು, ಎಲ್ಲವೂ ಸೆಷನ್ನಿನಲ್ಲಿ ತುಂಬಿ ಕುಳಿತಿದ್ದವು. ಈಗ ಒಬ್ಬ ಆಪರೇಟರಿಗೆ ಒಟ್ಟಿಗೆ ಹತ್ತು ಫಾರಂ ಮಾತ್ರ. ಹನ್ನೊಂದನೆಯದು ತೆರೆದರೆ ಎಲ್ಲಕ್ಕಿಂತ ಹಳೆಯದು ಹೋಗುತ್ತದೆ. ಹೋದ ಫಾರಂ ಅನ್ನು ಯಾರಾದರೂ ಸೇವ್ ಮಾಡಲು ಹೊರಟರೆ ಬೇರೆ ಯಾರಿಗೂ ಸೇರಿಸದೆ ತಡೆದು ಹೇಳುತ್ತದೆ.

ಏನೆಂದು ಹೇಳಬೇಕು ಎಂಬುದಕ್ಕೇ ಅರ್ಧ ಗಂಟೆ ಹೋಯಿತು. ಮೊದಲು, ಅಮಾನ್ಯ ವಿನಂತಿ, ಎಂದು ಬರೆದಿದ್ದೆ. ಆ ಬೆಂಚಿನ ಎದುರು ಕುಳಿತು ಅದನ್ನು ಓದಿದರೆ ಹೇಗಿರುತ್ತದೆ ಎಂದು ನೆನೆದು ಅಳಿಸಿದೆ. ಈ ಫಾರಂ ಬಹಳ ಹೊತ್ತು ಸುಮ್ಮನಿತ್ತು, ಮತ್ತೆ ತೆರೆಯಿರಿ, ಈವರೆಗೆ ಸೇವ್ ಮಾಡಿದ್ದು ಹಾಗೇ ಇದೆ, ಎಂದು ಬರೆದು, ಸಜಿನಳಿಗೆ ಫೋನ್ ಮಾಡಿ ಓದಿ ಹೇಳಿದೆ.

"ಕೊನೆಯದನ್ನ ಮೊದಲು ಹಾಕಿ," ಎಂದಳು. "ಸೇವ್ ಮಾಡಿದ್ದು ಹಾಗೇ ಇದೆ ಅಂತ ಮೊದಲೇ ಗೊತ್ತಾದರೆ ಗಾಬರಿಯಾಗಿ ವಿಂಡೋ ಮುಚ್ಚುವುದಿಲ್ಲ."

ಮೊದಲು ಹಾಕಿದೆ.

ಜನವರಿ 29, ಬುಧವಾರ

ಪತ್ರ ಕಳಿಸಿದೆ. ಒಂದೂವರೆ ಪುಟ. ದೋಷ ತಂತ್ರಾಂಶದ್ದು, ಆ ಭಾಗ ಬರೆದವಳು ನಾನು, ಆಪರೇಟರ್ ನವೆಂಬರಿನಲ್ಲೇ ಮೂರು ಸಲ ತಿಳಿಸಿದ್ದಳು, ನಾನು ನೋಡಲಿಲ್ಲ, ಜನವರಿ ಒಂಬತ್ತರ ನನ್ನ ವರದಿ ತಪ್ಪು. ತಪ್ಪಾದ ಫಾರಂಗಳು ನಲವತ್ತೊಂದು.

ಬಾಲಕೃಷ್ಣನ್ ಸಾರ್ ಎರಡು ಸಲ ಓದಿದರು. ಅವರು ಒಂದು ಪುಟ ದಾಟಿ ಓದಿದ್ದನ್ನು ನಾನು ನೋಡಿದ್ದು ಇದೇ ಮೊದಲು. "ತಿದ್ದುಪಡಿ ಮುಗಿಯುವವರೆಗೆ ನೀವೇ ನೋಡಿಕೊಳ್ಳಿ, ಆಮೇಲೆ ಸುಧೀಶ್‌ಗೆ ಒಪ್ಪಿಸಿ," ಎಂದರು. ಆರು ವರ್ಷದ ಕೆಲಸ, ಇನ್ನು ನನ್ನ ಸಹೋದ್ಯೋಗಿಯದು. ಸರಿ ಎಂದೆ.

ಜನವರಿ 31, ಶುಕ್ರವಾರ

ಸಜಿನಳನ್ನು ಮರಳಿ ಕರೆದಿದ್ದಾರೆ. ಆದೇಶ ಬರೆದು ಕೊಟ್ಟರೆ ಮಾತ್ರ ಬರುತ್ತೇನೆ ಎಂದಳಂತೆ. ಬರೆದು ಕೊಟ್ಟಿದ್ದಾರೆ. ತಾಂತ್ರಿಕ ಕಾರಣಗಳಿಂದ ಸ್ಥಗಿತಗೊಂಡಿದ್ದ ಸೇವೆಯನ್ನು ಮುಂದುವರಿಸಲಾಗಿದೆ, ಎಂದು.

ಅವಳು ಅದನ್ನು ನನಗೆ ಫೋನಿನಲ್ಲಿ ಓದಿ ಹೇಳಿದಳು. ಇಬ್ಬರೂ ಸ್ವಲ್ಪ ಹೊತ್ತು ನಕ್ಕೆವು. ಅಮ್ಮ ಅಡುಗೆಮನೆಯಿಂದ ಬಂದು ಏನಾಯಿತು ಎಂದು ನೋಡಿ ಹೋದರು.

ಫೆಬ್ರವರಿ 3, ಸೋಮವಾರ

ಮೂರು ದಿನದಿಂದ ಕಾಟ್ಟಿಕುಳಂ ಕೇಂದ್ರದಲ್ಲೇ. ಹಳೆಯ ಲಾಗಿನಲ್ಲಿ ಟೋಕನ್ ಇಲ್ಲದ್ದರಿಂದ ಯಾವ ಪುಟ ಯಾರದೆಂದು ಕಂಪ್ಯೂಟರಿಗೆ ತಿಳಿಯುವಂತಿಲ್ಲ. ಪ್ರತಿ ಕುಟುಂಬವನ್ನೂ ಕರೆಸಿ ಕೇಳಬೇಕು. ಯಾರ ಮನೆ ಎಲ್ಲಿ, ಯಾರಿಗೆ ಯಾರ ಕೈಯಲ್ಲಿ ಹೇಳಿಕಳಿಸಬೇಕು ಎಂಬುದೆಲ್ಲ ಸಜಿನಳಿಗೆ ಬಾಯಿಪಾಠ. ಇವತ್ತಿನಿಂದ ಅವಳು ನನ್ನನ್ನು ಮೇಡಂ ಎನ್ನುವುದು ಬಿಟ್ಟು ಚೇಚಿ ಎನ್ನುತ್ತಿದ್ದಾಳೆ. ಅಕ್ಕ ಎನ್ನಿಸಿಕೊಳ್ಳುವಷ್ಟು ದೊಡ್ಡವಳೇನಲ್ಲ ನಾನು. ಹತ್ತು ವರ್ಷ, ಅಷ್ಟೆ.

ಮೂವತ್ತೊಂಬತ್ತು ಆಗಿದೆ. ಉಳಿದಿರುವುದು ಬೈರಣ್ಣ ಮತ್ತು ಮಾತಿ.

ಮಾತಿ ಬೆಳಿಗ್ಗೆಯೇ ಬಂದಿದ್ದರು. ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ಆದರೆ ಒಂದು ಮಗು ಎರಡು ಕುಟುಂಬದಲ್ಲಿ ಇರುವಂತಿಲ್ಲ. ಬೈರಣ್ಣನ ಫಾರಂನಿಂದ ತೆಗೆಯುವವರೆಗೆ ಅಂಜು, ಪ್ರಿಯ ಮಾತಿಯ ಫಾರಂಗೆ ಬರುವುದಿಲ್ಲ. ತೆಗೆಯಲು ಬೈರಣ್ಣ ಎದುರಿಗೆ ಇದ್ದು ಬೆರಳಚ್ಚು ಒತ್ತಬೇಕು. ಈ ನಿಯಮವನ್ನು ಬರೆದದ್ದೂ ನಾನೇ.

"ಬೈರಣ್ಣ ಎಲ್ಲಿ?" ಎಂದು ಕೇಳಿದೆ.

"ಮುತ್ತಂಗ ಕಡೆ ಮೆಣಸು ಕುಯ್ಯಕ್ಕೆ ಹೋಗವ್ರೆ. ಫೋನ್ ಇಲ್ಲ. ಹೇಳಿ ಕಳ್ಸಿವ್ನಿ, ಅದು ಮುಟ್ತೋ ಇಲ್ವೋ." ಮಾತಿ ಚೀಲವನ್ನು ಮತ್ತೆ ಸುತ್ತಿದರು. "ಒಂದು ರೂಮು ಆದ್ರೆ ಅಂಜುನ ಹಾಸ್ಟೆಲಿಗೆ ಬಿಡ್ಬೇಕು. ಅದು ಹೋಗಲ್ಲ ಅಂತದೆ. ಹೋದ್ ವರ್ಷ ಬಿಟ್ಟಿದ್ದೆ, ನಡ್ಕೊಂಡೇ ವಾಪಸ್ ಬಂತು. ಕಾಡೊಳಗೆ ಒಬ್ಳೇ."

ಅವರು ಹೋದ ಮೇಲೆ ಸಜಿನ, "ಆ ನಿಯಮವನ್ನ ಒಂದು ದಿನಕ್ಕೆ ತೆಗೆದುಬಿಡಿ ಚೇಚಿ," ಎಂದಳು. ಒಂದು ಸಾಲು. ಅರ್ಧ ನಿಮಿಷದ ಕೆಲಸ. ಯಾರೂ ಕೇಳುವುದೂ ಇಲ್ಲ.

ಬೈರಣ್ಣನನ್ನು ಕೇಳದೆ ಅವರ ಫಾರಂನಲ್ಲಿ ನಾನು ಒಂದು ಸಲ ಕೈ ಹಾಕಿ ಆಗಿದೆ. ನಾಳೆ ಮುತ್ತಂಗಕ್ಕೆ ಹೋಗುತ್ತೇನೆ.

ಫೆಬ್ರವರಿ 4, ಮಂಗಳವಾರ

ಮಾತಿ ಜೊತೆಗೆ ಬಂದರು. ಬತ್ತೇರಿಯಲ್ಲಿ ಬಸ್ಸು ಬದಲಿಸಿದೆವು. ಹೆದ್ದಾರಿಯಲ್ಲಿ ಆನೆಗಾಗಿ ಇಪ್ಪತ್ತು ನಿಮಿಷ ನಿಂತೆವು. ಮಾತಿ ನಿದ್ದೆ ಮಾಡಿದರು, ನಾನು ಗಡಿಯಾರ ನೋಡಿದೆ. ಚೆಕ್‌ಪೋಸ್ಟಿನ ಈಚೆಗೆ ಇಳಿದು ಮೂರು ತೋಟ ಕೇಳಿಕೊಂಡು ಹೋದೆವು. ಮೂರನೆಯ ತೋಟದಲ್ಲಿ ಬೈರಣ್ಣ ಬಿದಿರಿನ ಏಣಿಯ ಮೇಲಿದ್ದರು. ಸೊಂಟಕ್ಕೆ ಕಟ್ಟಿದ ಚೀಲ ಮೆಣಸಿನಿಂದ ತುಂಬಿತ್ತು.

ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಮೇಲಿನಿಂದಲೇ, "ಯಾರು ತೀರ್ಕೊಂಡ್ರು?" ಎಂದರು.

"ಯಾರೂ ಇಲ್ಲ ಬೈರಣ್ಣ. ಫಾರಂ."

"ಅಷ್ಟೇನಾ," ಎಂದು ಆ ಬಳ್ಳಿಯನ್ನು ಪೂರ್ತಿ ಕೊಯ್ದು ಮುಗಿಸಿಯೇ ಇಳಿದರು.

ಕೆಳಗೆ ಬಂದ ಮೇಲೆ ಹೇಳಿದೆ, ತಪ್ಪು ಆ ಹುಡುಗಿಯದಲ್ಲ, ನನ್ನದು, ಎಂದು. ಕನ್ನಡದಲ್ಲಿ ಇದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಮಲಯಾಳಂನಲ್ಲಿ ಇಷ್ಟು ಉದ್ದ ಅನ್ನಿಸಿರಲಿಲ್ಲ.

ಬೈರಣ್ಣ ಮೆಣಸಿನ ಚೀಲ ಬಿಚ್ಚುತ್ತ, "ಅದಕ್ಕೆ ಇಲ್ಲಿತನ ಬಂದ್ಯಾ ಮೋಳೆ?" ಎಂದರು. ಮೋಳೆ, ಮಲಯಾಳಂನಲ್ಲಿ ಮಗಳೆ.

"ನಾಳೆ ನೀವು ಬಂದು ಬೆರಳು ಒತ್ತಬೇಕು, ಅದಕ್ಕೂ ಬಂದೆ."

"ಬತ್ತೀನಿ," ಎಂದರು. ಮಾತಿಯ ಕಡೆ ತಿರುಗಿ, "ಊಟ ಆಯ್ತಾ?" ಎಂದು ಕೇಳಿದರು. ನಮಗೆ ಊಟ ಆಗಿರಲಿಲ್ಲ. ಮೂವರೂ ಅವರ ಬುತ್ತಿಯಲ್ಲೇ ತಿಂದೆವು. ಗೆಣಸು, ಹಸಿಮೆಣಸಿನ ಚಟ್ನಿ. ನಾವು ಜೈನರು, ನೆಲದೊಳಗೆ ಬೆಳೆದದ್ದನ್ನು ತಿನ್ನುವುದಿಲ್ಲ ಎಂಬುದು ತಿಂದು ಕೈ ತೊಳೆದ ಮೇಲೆ ನೆನಪಾಯಿತು. ಅಮ್ಮನಿಗೆ ಹೇಳಿಲ್ಲ.

ಫೆಬ್ರವರಿ 5, ಬುಧವಾರ

ಕೊನೆಯ ದಿನ. ಬೈರಣ್ಣ ಹನ್ನೊಂದಕ್ಕೆ ಬಂದರು, ಮಾತಿ ಮತ್ತು ಅಂಜು ಅವರ ಹಿಂದೆ. ಹದಿನಾಲ್ಕು ತುಂಬಿದ ಮಕ್ಕಳ ಬೆರಳಚ್ಚೂ ಬೇಕಾದ್ದರಿಂದ ಅಂಜು ಶಾಲೆಗೆ ಹೋಗಿರಲಿಲ್ಲ. ಸಜಿನ ಒಂದು ವಿಂಡೋದಲ್ಲಿ ಬೈರಣ್ಣನ ಫಾರಂ, ಪಕ್ಕದಲ್ಲಿ ಇನ್ನೊಂದು ವಿಂಡೋದಲ್ಲಿ ಮಾತಿಯ ಫಾರಂ ತೆರೆದಳು. ತೆರೆದು ನನ್ನ ಮುಖ ನೋಡಿದಳು. ಮುಂದುವರಿಸು ಎಂದೆ.

ತೆಗೆಯುವ ಮೊದಲು ಬೈರಣ್ಣ ಕೈ ಅಡ್ಡ ಹಿಡಿದರು. "ಏನು ಬರ್ದದೆ, ಒಂದು ಸಲ ಓದು."

ನಾನೇ ಓದಿದೆ. "ಅಂಜು. ಹದಿನಾಲ್ಕು ವರ್ಷ. ಸಂಬಂಧ, ಮಗಳು. ಪ್ರಿಯ. ಹನ್ನೊಂದು ವರ್ಷ. ಸಂಬಂಧ, ಮಗಳು."

ಅವರು ಕೇಳಿಸಿಕೊಂಡರು. ಅಂಜು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

"ಸರಿ. ತೆಗಿ," ಎಂದು ಬೆರಳು ಒತ್ತಿದರು.

ತೆಗೆದಳು. ಎರಡು ನಿಮಿಷ ನಲವತ್ತು ಸೆಕೆಂಡ್ ಎಲ್ಲರೂ ಕಾದೆವು. ಆಮೇಲೆ ಪಕ್ಕದ ವಿಂಡೋದಲ್ಲಿ ಇಬ್ಬರನ್ನೂ ಸೇರಿಸಿ ಸೇವ್ ಮಾಡಿದಳು. ಮಾತಿಯ ಮಕ್ಕಳು ಮಾತಿಯ ಬಳಿ ಉಳಿದರು. ನಾನು ಮತ್ತೆ ತೆರೆದು ನೋಡಿದೆ, ಸಜಿನ ಇನ್ನೊಂದು ಸಲ ತೆರೆದು ನೋಡಿದಳು. ಮಾತಿ ಚೀಲದ ಬಾಯಿಯನ್ನು ಗಂಟು ಹಾಕಿ, ಬಿಚ್ಚಿ, ಮತ್ತೆ ಗಂಟು ಹಾಕಿದರು.

ಬೈರಣ್ಣನ ಫಾರಂನ ಐದನೆಯ ಪುಟ ಉಳಿದಿತ್ತು. ಅದರಲ್ಲಿ ಕೊನೆಯ ಪ್ರಶ್ನೆ, ಕಷ್ಟ ಬಂದರೆ ಯಾರಿಗೆ ತಿಳಿಸಬೇಕು, ಎಂದು. ಉತ್ತರಿಸಲೇಬೇಕೆಂದಿಲ್ಲ. ಸಜಿನ ಕೇಳಿದಳು.

"ಯಾರಿಲ್ಲ," ಎಂದರು ಬೈರಣ್ಣ. "ಹಾಗೇ ಬಿಡು."

"ನನ್ ಹೆಸ್ರು ಹಾಕಿ," ಎಂದಳು ಅಂಜು, ಕ್ಯಾಲೆಂಡರ್ ಕಡೆಯಿಂದ ತಿರುಗದೆ.

ಬೈರಣ್ಣ ಬೇಡವೆನ್ನಲಿಲ್ಲ. ಸಜಿನ ಹೆಸರು ಬರೆದಳು. ಮುಂದಿನ ಖಾನೆ, ಸಂಬಂಧ. ಪಟ್ಟಿಯಲ್ಲಿ ಮಗ, ಮಗಳು, ಸಹೋದರ, ಸಹೋದರಿ, ಇತರೆ. ಇತರೆ ಒತ್ತಿದರೆ ಏನೆಂದು ಬರೆಯಲು ಜಾಗ ತೆರೆಯುತ್ತದೆ. ಸಜಿನ ಒತ್ತಿ, ಏನೆಂದು ಬರೆಯಲಿ ಎಂದು ಹುಡುಗಿಯನ್ನು ನೋಡಿದಳು.

ಅಂಜು ಈಗ ತಿರುಗಿ ಪರದೆ ನೋಡಿದಳು. "ಪಕ್ಕದ ಮನೆ," ಎಂದಳು.

ಹಾಗೇ ಬರೆದು ಸೇವ್ ಮಾಡಿದೆವು. ಮಾತಿಯ ವಿಂಡೋ ಪಕ್ಕದಲ್ಲಿ ತೆರೆದೇ ಇತ್ತು. ಮತ್ತೆ ತೆರೆದು ನೋಡಿದೆ. ಅಂಜುವಿನ ಹೆಸರು ಬೈರಣ್ಣನ ಫಾರಂನಲ್ಲೇ ಉಳಿದಿದೆ.